ಗೆದ್ದವನ ಸಂಯಮ



ಭರತ-ಬಾಹುಬಲಿಯರ ಸೇನೆಗಳು ಎದುರುಬದುರಾಗಿ ನಿಂತಾಗ, ಸೈನಿಕರ ರಕ್ತ ಹರಿಯದಿರಲೆಂದು ಮಂತ್ರಿಗಳು ದೃಷ್ಟಿ, ಜಲ, ಮಲ್ಲಯುದ್ಧಗಳನ್ನು ಸೂಚಿಸಿದರೆಂದು ಪಂಪನ ಆದಿಪುರಾಣ ತಿಳಿಸುತ್ತದೆ. ಮೂರರಲ್ಲಿಯೂ ಗೆದ್ದ ಬಾಹುಬಲಿಯು ಮೇಲೆತ್ತಿದ ಅಣ್ಣನನ್ನು ನೆಲಕ್ಕೆ ಬಡಿಯದೆ ಇಳಿಸಿದನು. ಕೊನೆಗೆ ಗೆದ್ದ ರಾಜ್ಯವನ್ನೇ ತೊರೆದನು.

ಇಂತಹ ಸಂಯಮದ ಬೆಲೆಯನ್ನು ಆಧುನಿಕ ಜಗತ್ತೂ ಒಮ್ಮೆ ಕಂಡಿದೆ. 1962ರ ಅಕ್ಟೋಬರಿನಲ್ಲಿ ಕ್ಯೂಬಾದ ಕ್ಷಿಪಣಿಗಳ ನಿಮಿತ್ತ ಲೋಕವು ಅಣುಯುದ್ಧದ ಅಂಚಿಗೆ ಬಂದಿತ್ತು. ಕ್ರುಶ್ಚೇವರು ಆ ಕ್ಷಿಪಣಿಗಳನ್ನು ಹಿಂದಕ್ಕೆ ಪಡೆದರು. ಅಮೆರಿಕವು 1963ರಲ್ಲಿ ತುರ್ಕಿಯಲ್ಲಿದ್ದ ತನ್ನ ಕ್ಷಿಪಣಿಗಳನ್ನು ತೆಗೆಯಿತು. ಇಬ್ಬರೂ ಒಂದೊಂದು ಹೆಜ್ಜೆ ಹಿಂದೆ ಸರಿದುದರಿಂದ ಕೋಟ್ಯಂತರ ಜೀವಗಳು ಉಳಿದವು. ಆದರೂ ಇಂದು ಒಂಬತ್ತು ರಾಷ್ಟ್ರಗಳಲ್ಲಿ 12,000ಕ್ಕೂ ಮಿಕ್ಕಿ ಅಣ್ವಸ್ತ್ರಗಳಿವೆ. ಇದು ರಾಷ್ಟ್ರಗಳ ಪರಿಗ್ರಹ.

ಅದರ ಬೀಜವಿರುವುದು ಮನುಷ್ಯನ ಮನಸ್ಸಿನಲ್ಲಿ. ಆದುದರಿಂದಲೇ ಶ್ರಾವಕನಿಗೆ ಪರಿಗ್ರಹ ಪರಿಮಾಣ ವ್ರತವು ವಿಹಿತವಾಗಿದೆ. ಹೊಲ, ಮನೆ, ಧನ, ಧಾನ್ಯಗಳಿಗೆ ತಾನೇ ಮಿತಿಯನ್ನು ಇಟ್ಟುಕೊಂಡ ಗೃಹಸ್ಥನಿಗೆ ಸ್ವಾಧ್ಯಾಯಕ್ಕೂ ದಾನಕ್ಕೂ ಮನೆಮಂದಿಯೊಡನೆ ಕುಳಿತು ಮಾತನಾಡುವುದಕ್ಕೂ ಹೊತ್ತು ದೊರೆಯುತ್ತದೆ. ರಾತ್ರಿ ನೆಮ್ಮದಿಯ ನಿದ್ದೆ ಬರುತ್ತದೆ. ತುಂಬುಬಾಳು ಎಂದರೆ ಇದೇ.

ಪ್ರತಿಷ್ಠೆಗೊಂಡ ಜಿನಬಿಂಬದ ಮುಂದೆ ಪ್ರತಿಯೊಂದು ಮನೆಯೂ ಒಂದಾದರೂ ಮಿತಿಯನ್ನು ಸಂಕಲ್ಪಿಸಿಕೊಂಡರೆ ಈ ಮಹೋತ್ಸವವು ಸಾರ್ಥಕವಾಗುವುದು.