ಗೋಡೆಯ ಬುಡಕ್ಕೆ ಕೆಂಪು ಯಾಕೆ?

ಅಗಡಿಯ ಮಕ್ಕಳೇ, ಹಾವೇರಿ ಸೀಮೆಯ ಹಳೆಯ ಮನೆಗಳ ಗೋಡೆ ನೋಡಿದ್ದೀರಲ್ಲ? ಮೇಲೆಲ್ಲ ಬಿಳಿ ಸುಣ್ಣ, ಬುಡದಲ್ಲಿ ಮೊಣಕಾಲೆತ್ತರಕ್ಕೆ ಕೆಮ್ಮಣ್ಣಿನ ಪಟ್ಟಿ. ಯಾಕೆ ಹೀಗೆ ಅಂತ ಅಜ್ಜಿಯನ್ನು ಕೇಳಿದರೆ, ‘ಚಂದ ಕಾಣ್ತದಲ್ಲೋ’ ಅಂದಾರು. ಚಂದವೂ ಹೌದು, ಅದರ ಹಿಂದೆ ಒಳ್ಳೆಯ ವಿಜ್ಞಾನವೂ ಇದೆ.

ಇದೇ ಉಪಾಯ ಈಗ ಬೆಂಗಳೂರಿನ ಬೀದಿಗಳಲ್ಲೂ ಕಾಣುತ್ತದೆ. 2010ರಲ್ಲಿ ಅಲ್ಲಿ ಕೆಲವರು ಸೇರಿ ‘ದಿ ಅಗ್ಲಿ ಇಂಡಿಯನ್’ ಎಂಬ ಗುಂಪು ಕಟ್ಟಿಕೊಂಡರು. ತಮ್ಮ ಹೆಸರು ಯಾರಿಗೂ ಹೇಳುವುದಿಲ್ಲ. ಕೆಲಸ ನಡೀಲಿ, ಬಾಯಿ ಮುಚ್ಚಿರಲಿ ಎಂಬರ್ಥದ ಹಿಂದಿ ಮಾತೇ ಅವರ ಘೋಷಣೆ. ಮೊದಮೊದಲು ಚರ್ಚ್ ಸ್ಟ್ರೀಟ್ ಕಡೆ ಶುರುವಾದ ಕೆಲಸ ಆಮೇಲೆ ಊರೆಲ್ಲ ಹಬ್ಬಿತು. ಹೊಲಸು ತುಂಬಿದ ಒಂದು ಮೂಲೆ ಆರಿಸುತ್ತಾರೆ. ಕಸ ಎತ್ತಿ, ಒಡೆದ ಕಲ್ಲು ಸರಿಪಡಿಸಿ, ಗೋಡೆ ಉಜ್ಜಿ ಬಣ್ಣ ಬಳಿಯುತ್ತಾರೆ. ಇದಕ್ಕೆ ಅವರು ಇಟ್ಟ ಹೆಸರು ‘ಸ್ಪಾಟ್ ಫಿಕ್ಸ್’. ಬಣ್ಣದಲ್ಲಿ ಒಂದು ಗುಟ್ಟಿದೆ: ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಬಣ್ಣ, ಮೇಲ್ಭಾಗಕ್ಕೆ ತಿಳಿಬಣ್ಣ. ಎಲೆ-ಅಡಿಕೆ ಉಗುಳು ಬೀಳುವುದು ಬುಡಕ್ಕೇ ತಾನೆ?

ಆ ಉಗುಳು ಅಷ್ಟು ಕೆಂಪಾಗುವುದು ಹೇಗೆ? ಎಲೆ ಹಸಿರು, ಸುಣ್ಣ ಬಿಳಿ, ಅಡಿಕೆ ಕಂದು. ಅಡಿಕೆಯಲ್ಲಿ ಟ್ಯಾನಿನ್ ಜಾತಿಯ ಒಗರು ಪದಾರ್ಥಗಳಿವೆ. ಸುಣ್ಣ ಕ್ಷಾರ. ಇವೆರಡೂ ಬಾಯಲ್ಲಿ ಕೂಡಿದರೆ ಕೆಂಪು ಹುಟ್ಟುತ್ತದೆ. ಕಾಚು ಸೇರಿದರಂತೂ ಇನ್ನೂ ಗಾಢ. ಇದನ್ನು ಬಾಯಿಗೆ ಹಾಕಿ ನೋಡಬೇಡಿ, ಅಡಿಕೆ ಬಾಯಿ ಕ್ಯಾನ್ಸರಿಗೆ ಕಾರಣ. ಸುಣ್ಣದ ಆಟ ನೋಡಲು ಅಡುಗೆಮನೆಯ ಅರಿಸಿನ ಸಾಕು. ಅರಿಸಿನ ಕದಡಿದ ನೀರಿಗೆ ಸುಣ್ಣದ ಡಬ್ಬಿಯಿಂದ ಕಡ್ಡಿ ತುದಿಯಷ್ಟು ಹಾಕಿ. ಹಳದಿ ಹೋಗಿ ಆರತಿಯ ಓಕುಳಿ ಬರುತ್ತದೆ! ಅದಕ್ಕೇ ನಿಂಬೆರಸ ಹಿಂಡುತ್ತ ಹೋಗಿ, ಮತ್ತೆ ಹಳದಿ. ಹುಳಿ ಕ್ಷಾರವನ್ನು ಅಡಗಿಸಿತು. ಅಡಿಕೆಯ ಕೆಂಪು ಮಾತ್ರ ಹೀಗೆ ಸುಲಭಕ್ಕೆ ಹಿಂದಿರುಗುವುದಿಲ್ಲ. ಗೋಡೆಯ ಸಣ್ಣ ಸಣ್ಣ ರಂಧ್ರಗಳೊಳಗೆ ಇಳಿದು ಕೂತುಬಿಡುತ್ತದೆ. ನೀರು ಹಾಕಿ ಎಷ್ಟು ತಿಕ್ಕಿದರೂ ಕಲೆ ಉಳಿದೇ ಉಳಿಯುತ್ತದೆ.

ಕೆಮ್ಮಣ್ಣಿನ ಕೆಂಪು ಬೇರೆ ಜಾತಿಯದು. ಅದು ಕಬ್ಬಿಣದ ಆಕ್ಸೈಡ್, ಅಂದರೆ ತುಕ್ಕಿನ ಬಳಗ. ಮೊದಲೇ ಆಮ್ಲಜನಕ ಕೂಡಿಕೊಂಡು ಕೂತ ಕಬ್ಬಿಣ. ಬಿಸಿಲು, ಮಳೆ, ಗಾಳಿ ಬಂದು ಅದಕ್ಕೆ ಇನ್ನೇನು ಮಾಡಬೇಕು? ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಬಲು ಚೆಲುವು, ಆದರೆ ಅದು ಗಿಡದ ಬಣ್ಣ. ಬೆಳಕಿಗೂ ಸೆಕೆಗೂ ಮಾಸುತ್ತದೆ. ಅದಕ್ಕೇ ವ್ಯಾಪಾರಿಗಳು ಮೆಣಸಿನಕಾಯಿ ಚೀಲಗಳನ್ನು ಕೋಲ್ಡ್ ಸ್ಟೋರೇಜಿಗೆ ಸಾಗಿಸುತ್ತಾರೆ. ಕೆಮ್ಮಣ್ಣಿಗೆ ಆ ಉಪಚಾರ ಬೇಕಿಲ್ಲ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಬಂಡೆಗಳ ಮೇಲೆ ಆದಿಮಾನವರು ಕೆಂಪುಮಣ್ಣಿನಲ್ಲಿ ಬರೆದ ಚಿತ್ರಗಳು ಸಾವಿರಾರು ವರ್ಷ ದಾಟಿ ಇವತ್ತಿಗೂ ಕಾಣುತ್ತವೆ.

ಮೇಲಿನ ಸುಣ್ಣದ ಕಥೆ ಇನ್ನೂ ಮಜಾ. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಕೊತಕೊತ ಕುದಿಯುತ್ತದೆ. ಒಲೆಯಿಲ್ಲ, ಬೆಂಕಿಯಿಲ್ಲ! ಇದು ದೊಡ್ಡವರ ಕೆಲಸ. ಕಣ್ಣಿಗೆ ಸಿಡಿದರೆ ಅಪಾಯ, ನೀವು ದೂರ ನಿಂತೇ ನೋಡಿ. ಅರಳಿಸಿದ ಸುಣ್ಣ ತಣ್ಣಗಾದ ಮೇಲೆ ಬಟ್ಟೆಯಲ್ಲಿ ಸೋಸಿ, ಚಿಟಿಕೆ ನೀಲಿ ಬೆರೆಸುತ್ತಾರೆ. ನೀಲಿ ಹಳದಿ ಛಾಯೆಯನ್ನು ಮರೆಸುವುದರಿಂದ ಬಿಳುಪು ಎದ್ದು ಕಾಣುತ್ತದೆ. ಬಳಿಯುವ ಮುಂಚೆ ಗೋಡೆಗೆ ನೀರು ಚಿಮುಕಿಸಬೇಕು. ಒಣಗೋಡೆ ಸುಣ್ಣದ ನೀರನ್ನೆಲ್ಲ ಹೀರಿಬಿಟ್ಟರೆ ಮೇಲೆ ಬರೀ ಪುಡಿ ಉಳಿದು ಅಂಗಿಗೆ ಮೆತ್ತುತ್ತದೆ. ಹಸಿಯಲ್ಲಿ ಸುಣ್ಣ ಮಂಕಾಗಿ, ಇಷ್ಟೇನಾ ಅನ್ನಿಸುತ್ತದೆ. ಒಣಗಿದಂತೆ ಬೆಳ್ಳಗಾಗುತ್ತದೆ. ಆಮೇಲೆ ದಿನಗಟ್ಟಲೆ ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಮರಳಿ ಸುಣ್ಣಕಲ್ಲೇ ಆಗುತ್ತದೆ. ನೀವು ಓಣಿಯಲ್ಲಿ ಆಡುತ್ತ ಬಿಟ್ಟ ಉಸಿರಿನ ಒಂದಿಷ್ಟು ಪಾಲು ಯಾರದೋ ಮನೆ ಗೋಡೆಯಲ್ಲಿ ಕಲ್ಲಾಗಿರಬಹುದು.

ಕೆಂಪು ಬಳಿದರೆ ಕಲೆ ಮುಚ್ಚಿತು, ಸರಿ. ಉಗುಳುವವರು ನಿಲ್ಲಿಸುತ್ತಾರೆಯೇ? ನೆದರ್ಲೆಂಡ್ಸ್ ದೇಶದ ಗ್ರೋನಿಂಗೆನ್ ಊರಿನಲ್ಲಿ ಇದಕ್ಕೆ ಹತ್ತಿರದ ಪ್ರಯೋಗವೊಂದು ನಡೆದು, ಅದರ ವರದಿ 2008ರಲ್ಲಿ ಪ್ರಕಟವಾಯಿತು. ಗೋಡೆಯ ಪಕ್ಕ ನಿಲ್ಲಿಸಿದ ಸೈಕಲ್ಲುಗಳ ಹ್ಯಾಂಡಲ್ಲಿಗೆ ಒಂದೊಂದು ಜಾಹೀರಾತು ಚೀಟಿ ಸಿಕ್ಕಿಸಿದರು. ಹತ್ತಿರದಲ್ಲಿ ಕಸದ ಡಬ್ಬಿ ಇಲ್ಲ. ಗೋಡೆ ಸ್ವಚ್ಛವಾಗಿದ್ದಾಗ 100ಕ್ಕೆ 33 ಜನ ಚೀಟಿಯನ್ನು ಅಲ್ಲೇ ಬಿಟ್ಟು ಹೋದರು. ಅದೇ ಗೋಡೆಯ ಮೇಲೆ ಗೀಚಿಟ್ಟಾಗ 69 ಜನ! ಮೊದಲು ಯಾರೋ ಕೆಡಿಸಿದ್ದು ಕಣ್ಣಿಗೆ ಬಿದ್ದರೆ, ನಮಗೂ ಕೆಡಿಸಲು ಪರವಾನಗಿ ಸಿಕ್ಕಂತೆ. ಸ್ವಚ್ಛ ಗೋಡೆ ಎದುರಿಗಿದ್ದರೂ 33 ಜನ ಬಿಸಾಕಿದರು ಅನ್ನುವುದನ್ನೂ ಮರೆಯಬೇಡಿ. ಬಣ್ಣವೊಂದೇ ಸಾಲದು, ಕಸದ ಡಬ್ಬಿಯೂ ಬೇಕು. ಗೋಡೆಗೆ ದೇವರ ಚಿತ್ರದ ಟೈಲ್ಸ್ ಅಂಟಿಸುವ ಉಪಾಯ ಮಾತ್ರ ನನಗೆ ಹಿಡಿಸದು. ಜನ ನಾಲ್ಕು ಹೆಜ್ಜೆ ಮುಂದೆ ಹೋಗಿ ಪಕ್ಕದವರ ಗೋಡೆ ಹಾಳು ಮಾಡುತ್ತಾರೆ, ಅಷ್ಟೇ.

ಇನ್ನು, ಎಲೆ-ಅಡಿಕೆ ಉಗುಳದ ಮನೆಗೂ ಅಜ್ಜಿ ಕೆಮ್ಮಣ್ಣು ಬಳಿಯುತ್ತಿದ್ದರಲ್ಲ, ಅದು ಮಳೆಗಾಗಿ. ದಪ್ಪ ಹನಿ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ನೆಲಕ್ಕೆ ಅಪ್ಪಳಿಸುತ್ತದೆ. ಬರಿಮಣ್ಣಿನ ಮೇಲೆ ಬಿದ್ದರೆ ಕೆಸರು ಎರಡು ಅಡಿಯವರೆಗೂ ಸಿಡಿಯಬಲ್ಲದು. ಆ ಕಲೆ ಬಿಳಿ ಸುಣ್ಣದ ಮೇಲೆ ಎದ್ದು ಕಾಣುತ್ತದೆ, ಕೆಮ್ಮಣ್ಣಿನ ಮೇಲೆ ಅಷ್ಟಾಗಿ ಕಾಣುವುದಿಲ್ಲ. ಹುಲ್ಲು ಇದ್ದರೆ ಹನಿಯ ಪೆಟ್ಟು ಹುಲ್ಲಿನ ಮೇಲೆಯೇ ಮುಗಿಯುತ್ತದೆ.

ನಿಮ್ಮ ಶಾಲೆಯ ಕಾಂಪೌಂಡಿಗೆ ಎಷ್ಟು ಎತ್ತರದ ಪಟ್ಟಿ ಬೇಕು? ಮುಂಗಾರು ಶುರುವಾಗುವ ಹೊತ್ತಿಗೆ ಬಿಳಿ ಡ್ರಾಯಿಂಗ್ ಹಾಳೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಗೋಡೆಯ ಬುಡಕ್ಕೆ ಕಟ್ಟಿ. ಇನ್ನೊಂದನ್ನು ಹುಲ್ಲಿರುವ ಕಡೆ ಕಟ್ಟಿ. ಮಳೆ ನಿಂತ ಮೇಲೆ ಅತಿ ಮೇಲಿನ ಕೆಸರಿನ ಚುಕ್ಕೆ ಹುಡುಕಿ, ನೆಲದಿಂದ ಅಲ್ಲಿಯವರೆಗೆ ಸ್ಕೇಲಿನಲ್ಲಿ ಅಳೆಯಿರಿ. ಅದಕ್ಕಿಂತ ನಾಲ್ಕು ಬೆರಳು ಮೇಲೆ ದಾರ ಹಿಡಿದು ಗೆರೆ ಎಳೆದರೆ ಕೆಮ್ಮಣ್ಣು ಎಲ್ಲಿಗೆ ನಿಲ್ಲಬೇಕು ಎಂಬುದು ತಿಳಿಯುತ್ತದೆ.