ಪೇಟೆಯ ಮನಸ್ಸು ಮತ್ತು ಷೇರಿನ ಫಲ
(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಸಹಕಾರ ಸಂಘದ ಬೆಳ್ಳಿಹಬ್ಬದಲ್ಲಿ ಷೇರುಪೇಟೆಯ ಮಾತು ಯಾಕೆ ಎಂದು ಕೆಲವರಿಗೆ ಅನ್ನಿಸಬಹುದು. ಕಾರಣ ಇದೆ. 2020ರ ಮಾರ್ಚ್‌ನಲ್ಲಿ ದೇಶದಲ್ಲಿ ಸುಮಾರು 4 ಕೋಟಿ ಇದ್ದ ಡಿಮ್ಯಾಟ್ ಖಾತೆಗಳು 2024ರ ಮಾರ್ಚ್ ಹೊತ್ತಿಗೆ 15 ಕೋಟಿ ದಾಟಿದವು. ಅವುಗಳಲ್ಲಿ ಹೊಸಪೇಟೆ, ಕಂಪ್ಲಿ, ಸಂಡೂರು ಕಡೆಯ ನಮ್ಮ ಮಕ್ಕಳ ಖಾತೆಗಳೂ ಇವೆ. ಭತ್ತ ಮಾರಿದ ರೊಕ್ಕ, ಬೆಳೆಸಾಲದ ರೊಕ್ಕ ಆ ಕಡೆ ಹರಿಯುವ ಮುಂಚೆ ನಾಲ್ಕು ಮಾತು ತಿಳಿದಿರಲಿ ಎಂದು ಈ ವಿಷಯ ಆರಿಸಿಕೊಂಡಿದ್ದೇನೆ.

ಸಂಘದಲ್ಲಿ ನಿಮಗೆಲ್ಲ ಷೇರು ಇದೆ. ಅದರ ಬೆಲೆ ಮುಖಬೆಲೆಯೇ. ಗಾಳಿಮಾತಿಗೆ ಏರುವುದಿಲ್ಲ, ಇಳಿಯುವುದಿಲ್ಲ. ಎಷ್ಟು ಷೇರಿದ್ದರೂ ಒಬ್ಬರಿಗೆ ಒಂದೇ ಮತ. ಲಾಭ ಬಂದರೆ ಡಿವಿಡೆಂಡು. ಕಂಪನಿ ಷೇರು ಹಂಗಲ್ಲ. ನಮ್ಮ ಸಂಡೂರಿನಲ್ಲೇ 1954ರಲ್ಲಿ ಹುಟ್ಟಿದ ಸಂಡೂರು ಮ್ಯಾಂಗನೀಸ್ ಕಂಪನಿಯ ಷೇರು ಮುಂಬಯಿ ಪೇಟೆಯಲ್ಲಿ ದಿನಾ ಕೈ ಬದಲಾಗುತ್ತದೆ, ದಿನಾ ಹೊಸ ಬೆಲೆ. ಆ ಬೆಲೆಯನ್ನು ಕಟ್ಟುವುದು ಎರಡು ಸಂಗತಿಗಳು. ಒಂದು, ಕಂಪನಿಯ ಗಳಿಕೆ. ಇನ್ನೊಂದು, ಕೊಳ್ಳುವ ಮಂದಿಯ ಮನಸ್ಸು, ಅಂದರೆ ಅವರ ಆಸೆ ಮತ್ತು ಭಯ. ಗಳಿಕೆ ನಿಧಾನಕ್ಕೆ ಬದಲಾಗುತ್ತದೆ. ಮನಸ್ಸು ಒಂದೇ ರಾತ್ರಿಯಲ್ಲಿ ಬದಲಾಗುತ್ತದೆ.

ಈ ಮನಸ್ಸಿನ ಆಟ ನಮಗೆ ಹೊಸದಲ್ಲ. ಒಂದು ವರ್ಷ ಮೆಣಸಿನಕಾಯಿಗೆ ಒಳ್ಳೆ ಧಾರಣೆ ಸಿಕ್ಕರೆ ಮರುವರ್ಷ ಊರಿಗೆ ಊರೇ ಮೆಣಸಿನಕಾಯಿ ಹಚ್ಚುತ್ತದೆ. ಎಲ್ಲರ ಮಾಲೂ ಒಟ್ಟಿಗೆ ಬಂದಾಗ ಧಾರಣೆ ಬೀಳುತ್ತದೆ. 2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ಧಾರಣೆ ಕುಸಿದು ಗಲಭೆಯಾಗಿ ವಾಹನಗಳು ಸುಟ್ಟದ್ದನ್ನು ಎಲ್ಲರೂ ಬಲ್ಲಿರಿ.

ಅದಕ್ಕಿಂತ ದೊಡ್ಡ ಪಾಠ ಸಂಡೂರು ಗುಡ್ಡದ್ದು. 2003ರ ನಂತರ ಚೀನಾದ ಉಕ್ಕಿನ ಕಾರ್ಖಾನೆಗಳಿಗೆ ಅದಿರು ಎಷ್ಟು ಕೊಟ್ಟರೂ ಸಾಲದಾಯಿತು. ಹೊಲದಲ್ಲಿ ಬೆಳೆ ಬಿಟ್ಟು ಅದಿರು ತೋಡಿದವರುಂಟು. ಸಾಲ ಮಾಡಿ ಟಿಪ್ಪರ್ ಕೊಂಡವರಿಗೆ ಲೆಕ್ಕವಿಲ್ಲ. ಈ ಕಾಲ ಹಿಂಗೇ ಇರುತ್ತದೆ ಅಂತ ಎಲ್ಲರೂ ನಂಬಿದ್ದರು. 2008ರ ಕೊನೆಗೆ ಜಗತ್ತಿನ ಹಣಕಾಸು ಬಿಕ್ಕಟ್ಟಿನಲ್ಲಿ ಅದಿರಿನ ಬೆಲೆ ಕುಸಿಯಿತು. 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ರಫ್ತು ತಡೆಯಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಆಗ ಹೊಸಪೇಟೆಯೂ ಅದೇ ಜಿಲ್ಲೆ. ಟಿಪ್ಪರ್‌ಗಳು ನಿಂತವು, ಸಾಲದ ಕಂತು ನಿಲ್ಲಲಿಲ್ಲ. ಕೋರ್ಟಿನ ಆದೇಶವನ್ನು ಯಾರೂ ಮೊದಲೇ ಊಹಿಸಲಾರರು, ನಿಜ. ಆದರೆ ಒಳ್ಳೆಯದೇ ಆಗುತ್ತದೆ ಎಂಬ ಲೆಕ್ಕದ ಮೇಲೆ ಕೊಟ್ಟ ಬೆಲೆಯಲ್ಲಿ ಕೆಟ್ಟದ್ದಕ್ಕೆ ಜಾಗವೇ ಇರುವುದಿಲ್ಲ.

ಷೇರುಪೇಟೆಯಲ್ಲೂ ಇದೇ ಕಥೆ. 1990ರಲ್ಲಿ ಸಾವಿರದ ಆಸುಪಾಸು ಇದ್ದ ಮುಂಬಯಿ ಸೂಚ್ಯಂಕ 1992ರ ಏಪ್ರಿಲ್‌ನಲ್ಲಿ 4,467ಕ್ಕೆ ಏರಿತು. ಅದು ಹರ್ಷದ್ ಮೆಹತಾ ಕಾಲ. ಏಸಿಸಿ ಸಿಮೆಂಟ್ ಕಂಪನಿಯ ಷೇರು ಇನ್ನೂರರ ಆಸುಪಾಸಿನಿಂದ ಒಂಬತ್ತು ಸಾವಿರದ ಹತ್ತಿರ ಹೋಯಿತು. ಕಾರ್ಖಾನೆ ಅದೇ, ಸಿಮೆಂಟು ಅದೇ. ಬದಲಾದದ್ದು ಮಂದಿಯ ಮನಸ್ಸು, ಮತ್ತು ಬ್ಯಾಂಕುಗಳಿಂದ ಅಡ್ಡದಾರಿಯಲ್ಲಿ ಬಂದ ಹಣ. ಹಗರಣ ಬಯಲಾದ ಮೇಲೆ ವರ್ಷದೊಳಗೆ ಸೂಚ್ಯಂಕ ಹತ್ತಿರ ಹತ್ತಿರ ಅರ್ಧಕ್ಕೆ ಬಂತು.

2008ರ ಜನವರಿಯಲ್ಲಿ ರಿಲಯನ್ಸ್ ಪವರ್ ಷೇರು ಬಿಡುಗಡೆಯಾದಾಗ ಇದ್ದ ಷೇರಿಗಿಂತ 70 ಪಟ್ಟು ಹೆಚ್ಚು ಬೇಡಿಕೆ ಬಂತು. ಸಣ್ಣ ಹೂಡಿಕೆದಾರರು ಕೊಟ್ಟದ್ದು 430 ರೂಪಾಯಿ. ಫೆಬ್ರವರಿ 11ರಂದು, ವಹಿವಾಟಿನ ಮೊದಲ ದಿನದ ಸಂಜೆಗೇ ಅದು 372ರ ಸುತ್ತ ನಿಂತಿತು. ನೋಡಿ, ಕೊಳ್ಳಬೇಕೆನ್ನುವವರೆಲ್ಲ ಇವತ್ತೇ ಕೊಂಡರೆ ನಾಳೆ ಹೆಚ್ಚಿನ ಬೆಲೆ ಕೊಡೋರು ಯಾರು?

ಭಯಕ್ಕೂ ಇದೇ ಮಾತು. 2008ರ ಜನವರಿಯಲ್ಲಿ 21 ಸಾವಿರ ಮುಟ್ಟಿದ್ದ ಸೂಚ್ಯಂಕ 2009ರ ಮಾರ್ಚ್‌ನಲ್ಲಿ ಎಂಟು ಸಾವಿರದ ಸುತ್ತ ಇತ್ತು. ಇನ್ನು ಪೇಟೆ ಮುಗಿಯಿತು ಎಂದು ಮಾರಿದವರು ಬಹಳ. 2010ರ ಕೊನೆಗೆ ಅದು ಮತ್ತೆ 20 ಸಾವಿರ ದಾಟಿತ್ತು.

ಪಂಡಿತರು ಇದನ್ನು ಅಳೆದು ನೋಡಿದ್ದಾರೆ. ಅಮೆರಿಕದ ಬೇಕರ್ ಮತ್ತು ವರ್ಗ್ಲರ್ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಸಾರ ಇಷ್ಟು: ಮಂದಿಯ ಉತ್ಸಾಹ ತುಂಬಿ ತುಳುಕುವಾಗ ಕೊಂಡ ಷೇರುಗಳ ಫಲ ಮುಂದೆ ಕಡಿಮೆ, ಅದರಲ್ಲೂ ಸಣ್ಣ, ಹೊಸ, ಇನ್ನೂ ಲಾಭ ಕಾಣದ ಕಂಪನಿಗಳಲ್ಲಿ ಹೆಚ್ಚು ಪೆಟ್ಟು. ಬೆಳೆಯುತ್ತಿರುವ ದೇಶದ ಪೇಟೆಯಲ್ಲಿ ಈ ಗಾಳಿ ಇನ್ನೂ ಜೋರಾಗಿ ಬೀಸಬಹುದು. ಸಣ್ಣ ಕಂಪನಿಗಳ ನಿಜ ಸ್ಥಿತಿ ತಿಳಿಯುವುದು ಕಷ್ಟ. ಹೊಸ ಹೂಡಿಕೆದಾರರು ಒಬ್ಬರನ್ನು ನೋಡಿ ಒಬ್ಬರು ನುಗ್ಗುತ್ತಾರೆ. ವಿದೇಶಿ ಹಣ ಬಂದಷ್ಟೇ ಬೇಗ ಹೋಗುತ್ತದೆ. ಕೊರೊನಾ ಭಯದಲ್ಲಿ 2020ರ ಮಾರ್ಚ್ 23ರ ಒಂದೇ ದಿನ ಸೂಚ್ಯಂಕ ಶೇಕಡಾ 13ರಷ್ಟು ಬಿದ್ದದ್ದು ನೆನಪಿರಲಿ.

ಹಂಗಾದ್ರೆ ಮನಸ್ಸು ನೋಡಿ ದಿನಾ ಕೊಂಡು ಮಾರಿ ಗಳಿಸಬಹುದಲ್ಲ ಎಂದು ಹುಡುಗರು ಕೇಳುತ್ತಾರೆ. ಆಗುವುದಿಲ್ಲ ತಮ್ಮಾ. ಗಾಳಿ ತಿರುಗುತ್ತದೆ ಎಂದು ಗೊತ್ತು. ಯಾವ ದಿನ ಎಂದು ಗೊತ್ತಿಲ್ಲ. ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಕೊಟ್ಟ ಲೆಕ್ಕ ಕೇಳಿ: 2021-22ರಿಂದ ಮೂರು ವರ್ಷ ಫ್ಯೂಚರ್ಸ್, ಆಪ್ಷನ್ಸ್ ವ್ಯವಹಾರ ಮಾಡಿದ ಬಿಡಿ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿಗೆ ನಷ್ಟ. ಒಟ್ಟು ಕಳೆದದ್ದು 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಇದರ ಹಿಂದೆ ಎಷ್ಟು ಮನೆಗಳ ಒಡವೆ, ಎಷ್ಟು ಹೊಲಗಳ ಪಹಣಿ ಅಡವಿಗೆ ಹೋಗಿರಬೇಡ!

ಷೇರುಪೇಟೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಕಾರ್ಖಾನೆ, ಗಣಿ, ಬ್ಯಾಂಕು ಬೆಳೆಯಲು ಬಂಡವಾಳ ಬೇಕು. ಅದರಲ್ಲಿ ರೈತನಿಗೂ ಪಾಲು ಸಿಗಲಿ. ಆದರೆ ಸಾಲದ ರೊಕ್ಕ ಬೇಡ. ಬೀಜ ಗೊಬ್ಬರದ, ಮಕ್ಕಳ ಓದಿನ, ದವಾಖಾನೆಯ ರೊಕ್ಕ ಬೇಡ. ಐದಾರು ವರ್ಷ ಮುಟ್ಟದೆ ಇರಬಲ್ಲ ಹಣವನ್ನು ಸ್ವಲ್ಪ ಸ್ವಲ್ಪವಾಗಿ, ಹಲವು ಕಡೆ ಹಂಚಿ ಹಾಕಿ. ಎತ್ತು ಕೊಳ್ಳುವಾಗ ಹಲ್ಲು, ಗೊರಸು ನೋಡುತ್ತೇವಲ್ಲ, ಹಾಗೆಯೇ ಕಂಪನಿಯ ಲಾಭ, ಸಾಲ ಎರಡನ್ನೂ ನೋಡಿ. ಚಹಾದಂಗಡಿಯಲ್ಲಿ ಎಲ್ಲರೂ ಒಂದೇ ಷೇರಿನ ಹೆಸರು ಹೇಳತೊಡಗಿದರೆ ಆವತ್ತು ಕೈ ಹಿಂದಕ್ಕೆ ತೆಗೆದುಕೊಳ್ಳಿ.

ಮಂದಿಯ ನಂಬಿಕೆಯ ಮೇಲೆ ನಮ್ಮ ಸಂಘವೂ ನಿಂತಿದೆ. ವ್ಯತ್ಯಾಸ ಇಷ್ಟೆ: ಇಲ್ಲಿ ಲೆಕ್ಕದ ಪುಸ್ತಕ ವರ್ಷಕ್ಕೊಮ್ಮೆ ನಿಮ್ಮ ಮುಂದೆ ಬರುತ್ತದೆ, ನೀವು ಎದ್ದು ನಿಂತು ಕೇಳಬಹುದು. ಆ ಕೇಳುವ ಅಭ್ಯಾಸ ಬಿಡಬೇಡಿ. ಷೇರುಪೇಟೆಗೆ ಹೋದಾಗಲೂ ಅದನ್ನೇ ಜೊತೆಗೆ ಒಯ್ಯಿರಿ. ಸಂಘ ಸುವರ್ಣ ಮಹೋತ್ಸವ ಕಾಣಲಿ ಎಂದು ಹಾರೈಸುತ್ತೇನೆ.