ಮದಗದ ನೈದಿಲೆ ಮತ್ತು ಹೂಳೆತ್ತುವ ಅರ್ಜಿ

ಹೆಮ್ಮಾಡಿಯಿಂದ ಕೊಲ್ಲೂರಿಗೆ ಹೋಗುವವರು ವಂಡ್ಸೆಯಲ್ಲಿ ಚಕ್ರಾ ನದಿ ಕಾಣ್ತಾರೆ. ನಾನು ಹೇಳ್ಲಿಕ್ಕೆ ಹೊರಟದ್ದು ಹೊಳೆಯ ಕಥೆ ಅಲ್ಲ, ಗದ್ದೆಬಯಲಿನ ಮೇಲಿರುವ ಮದಗದ್ದು. ನೈದಿಲೆಗೆ ಹರಿಯುವ ನೀರು ಆಗಿಬರುವುದಿಲ್ಲ. ನಿಂತ ನೀರು, ಹೆಚ್ಚೆಂದರೆ ಎದೆಮಟ್ಟದ ಆಳ, ಅಡಿಯಲ್ಲಿ ಕೆಸರು, ಮೇಲೆ ಬಿಸಿಲು ಬೇಕು.

ಕವಿಗಳ ಮಾತು ಕೇಳಿ ನಾವು ನೈದಿಲೆ ಅಂದ್ರೆ ಚಂದ್ರನಿಗೆ ಅರಳುವ ಹೂ ಅಂದ್ಕೊಂಡಿದ್ದೇವೆ. ಅದು ಅರ್ಧ ಮಾತ್ರ ಸರಿ. ಎಲೆಯಂಚು ಗರಗಸದ ಹಲ್ಲಿನ ಹಾಗಿದ್ದು, ಎಲೆಯ ಅಡಿ ಮುಟ್ಟಿದರೆ ನವಿರಾದ ರೋಮ ಸಿಗುವ ನಿಂಫಿಯಾ ಪ್ಯುಬೆಸೆನ್ಸ್ ರಾತ್ರಿ ಅರಳಿ, ಬಿಸಿಲೇರುವಾಗ ಮುಚ್ಚುತ್ತದೆ. ನಿಂಫಿಯಾ ನೌಚಾಲಿ ಹಗಲಿನ ಹೂ. ಶ್ರೀಲಂಕಾದ ರಾಷ್ಟ್ರಪುಷ್ಪ ಇದೇ. ಬೆಳಿಗ್ಗೆ ಹತ್ತಕ್ಕೆ ಹೋದವನಿಗೆ ಯಾವುದು ಯಾವುದು ಅಂತ ತಾನಾಗಿ ಗೊತ್ತಾಗುತ್ತದೆ.

ಹೂ ಬಾಡಿದ ಮೇಲೆ ತೊಟ್ಟು ನೀರೊಳಗೆ ಬಾಗುತ್ತದೆ, ಕಾಯಿ ಅಲ್ಲೇ ಬಲಿಯುತ್ತದೆ. ಬೀಜಕ್ಕೊಂದು ಮೆತ್ತನೆ ಹೊದಿಕೆ. ಅದರ ಬಲದಲ್ಲಿ ಸ್ವಲ್ಪ ಹೊತ್ತು ತೇಲಿ, ಮತ್ತೆ ಕೆಸರು ಸೇರುತ್ತದೆ. ಬೇಸಿಗೆಯಲ್ಲಿ ಮದಗ ಬತ್ತಿದರೂ ಗಡ್ಡೆ ಕೆಸರೊಳಗೆ ಮಳೆಗಾಗಿ ಕಾಯುತ್ತದೆ. ಅಂದ್ರೆ ಇದರ ಜೀವ ಇರುವುದೇ ನಾವು ಹೂಳು ಅಂತ ಕರೆಯುವ ವಸ್ತುವಿನಲ್ಲಿ.

ನಮ್ಮ ಮದಗದ ಹೂಳೆತ್ತಿಸಲು ಕೊಟ್ಟ ಅರ್ಜಿಗೆ ನಾನೂ ಸಹಿ ಹಾಕಿದ್ದೆ. ಸುಗ್ಗಿ ಬೆಳೆಗೆ ನೀರು ಬೇಕಿತ್ತು, ತಪ್ಪಲ್ಲ. ಆದರೆ ಜೆಸಿಬಿ ಮುರಕಲ್ಲು ತಾಗುವ ತನಕ ತೋಡಿತು. ನಾಲ್ಕೂ ಕಡೆ ನೆಟ್ಟಗೆ ಕಲ್ಲು ಕಟ್ಟಿದರು. ತಗ್ಗು ಅಂಚೇ ಇಲ್ಲ. ನೀರುಂಟು ಮಾರಾಯ್ರೆ, ಹೂವಿಲ್ಲ. ಎಲೆಯ ನೆರಳಿನ ಕಪ್ಪೆ, ಎಲೆ ಮೇಲೆ ನಡೆಯುವ ದೇವನಕ್ಕಿಯೂ ಇಲ್ಲ.

ಬೆಂಗಳೂರಿನ ಒಂದು ನೈದಿಲೆ ಕೊಳವನ್ನು ಬ್ರೆಜಿಲ್ ಮೂಲದ ಸಾಲ್ವೀನಿಯಾ ಕಳೆ ಮುಚ್ಚಿಬಿಟ್ಟಿತ್ತು. 1983-84ರಲ್ಲಿ ವಿಜ್ಞಾನಿಗಳು ಆ ಕಳೆಯನ್ನೇ ತಿನ್ನುವ ಸಣ್ಣ ಮೂತಿಹುಳ ಬಿಟ್ಟರು. ವರ್ಷದೊಳಗೆ ಕಳೆ ಕುಸಿಯಿತು, ನೈದಿಲೆ ಮತ್ತೆ ಬಂತು. ಯಾರೂ ನೆಡಬೇಕಾಗಲಿಲ್ಲ, ಗಡ್ಡೆ ಅಡಿಯಲ್ಲೇ ಇತ್ತಲ್ಲ. ನಮ್ಮ ಮದಗದ ಗಡ್ಡೆಗಳು ಟಿಪ್ಪರಿನಲ್ಲಿ ಹೋಗಿ ಯಾರದ್ದೋ ಮನೆ ಅಡಿಪಾಯಕ್ಕೆ ಬಿದ್ದಿವೆ.

ಈ ಬೇಸಿಗೆಗೆ ಪಕ್ಕದ ಮದಗದ ಸರದಿ. ಅಲ್ಲಿಯವರಿಗೆ ನಾನು ಹೇಳಿದ್ದು ಇಷ್ಟೇ: ತೋಡಿ, ಬೇಡ ಅನ್ನುವುದಿಲ್ಲ. ಒಂದು ಮೂಲೆಯ ಕೆಸರು ಮುಟ್ಟಬೇಡಿ, ಆ ಬದಿಗೆ ಕಲ್ಲು ಕಟ್ಟಬೇಡಿ. ಕಾಂಬ ಅಂದಿದ್ದಾರೆ.